ಪಿಕಳಾರ ಕೂತ ಮರದ ಕೆಳಗೆ

(ಗುಂಡ್ಲುಪೇಟೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನ ಚಾಳಿ, ಪೂರ್ತಿ ಇಳಿದಿರಲಾರದು.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಎರಡು ಬಗೆಯ ಹೂಗಳಿವೆ. ಹೂದಾನಿಯಲ್ಲಿರುವುದು ಸಂಘಟಕರು ದುಡ್ಡು ಕೊಟ್ಟು ತರಿಸಿದ ಸೇವಂತಿಗೆ. ಅದರ ಪಕ್ಕದ ಸ್ಟೀಲ್ ಲೋಟದಲ್ಲಿರುವುದು ನಾನು ಬರುವ ದಾರಿಯಲ್ಲಿ ಒಂದು ಬೇಲಿಯಿಂದ ಮುರಿದುಕೊಂಡು ಬಂದ ಕೊಂಬೆ. ಕೈಗೆ ಎರಡು ಗೀರು ಬಿದ್ದದ್ದು ಬಿಟ್ಟರೆ ಬೇರೆ ಖರ್ಚಿಲ್ಲ. ನೀವೆಲ್ಲ ಒಳಗೆ ಬರುತ್ತಿರುವಾಗ ನಾನು ಇಲ್ಲಿ ಕೂತು ನೋಡುತ್ತಿದ್ದೆ. ಸೇವಂತಿಗೆಯ ಕಡೆ ಯಾರೂ ತಿರುಗಲಿಲ್ಲ. ಲೋಟದ ಹತ್ತಿರ ಮಾತ್ರ ನಾಲ್ಕೈದು ಮಕ್ಕಳು ನಿಂತರು. ಒಬ್ಬ ಹುಡುಗಿ ಒಂದು ಎಸಳನ್ನು ಎಳೆದು, ಅದರ ಬಾಲವನ್ನು ಬಾಯಿಗಿಟ್ಟು ಚೀಪಿದಳು. ಇನ್ನೊಬ್ಬ ಹುಡುಗ ಒಂದು ಹೂವಿನ ಕೊಳವೆಯನ್ನು ಇನ್ನೊಂದರ ಬಾಯಿಗೆ ತೂರಿಸಿ ಉಂಗುರ ಮಾಡಲು ಹೊರಟ. ನಾನು ಅರವತ್ತು ವರ್ಷದ ಹಿಂದೆ ಮಾಡಿದ್ದೂ ಅದನ್ನೇ. ಯಾರೂ ಕಲಿಸದೆ ಈ ವಿದ್ಯೆ ಹೇಗೆ ದಾಟಿ ಬರುತ್ತದೋ!

ಕೊಂಬೆಯಲ್ಲಿ ಹೂವಿನ ಜೊತೆಗೆ ಮಾಗಿದ ಕಪ್ಪು ಹಣ್ಣುಗಳೂ ಇವೆ. ಹನ್ನೊಂದು. ಎಣಿಸಿಯೇ ತಂದಿದ್ದೇನೆ, ಹೋಗುವಾಗ ಹನ್ನೊಂದನ್ನೂ ವಾಪಸು ತೆಗೆದುಕೊಂಡು ಹೋಗುತ್ತೇನೆ. ಯಾಕೆಂದು ಮಾತು ಮುಂದುವರಿದಂತೆ ನಿಮಗೇ ಗೊತ್ತಾಗುತ್ತದೆ.

ಇದು ಲಂಟಾನ. ಪುಸ್ತಕಗಳಲ್ಲಿ ಚದುರಂಗ ಎಂಬ ಹೆಸರಿದೆ, ನಾತಹೂ ಎಂದೂ ಇದೆ. ಎಲೆಯನ್ನು ಹೊಸಕಿ ಮೂಗಿಗೆ ಹಿಡಿದರೆ ಎರಡನೆಯ ಹೆಸರು ಯಾಕೆ ಬಂತೆಂದು ಕೇಳಬೇಕಾಗಿಲ್ಲ. ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿ, ದುಂಡಗಿಲ್ಲ, ನಾಲ್ಕು ಮೂಲೆ. ಮೂಲೆಗುಂಟ ಸಣ್ಣ ಮುಳ್ಳುಗಳು, ಎಲ್ಲವೂ ಹಿಂದಕ್ಕೆ ಬಾಗಿದವು. ಪೊದೆಯೊಳಗೆ ಕೈ ಹಾಕುವಾಗ ಸುಮ್ಮನಿದ್ದು, ಹೊರಕ್ಕೆ ಎಳೆದುಕೊಳ್ಳುವಾಗ ಹಿಡಿಯುತ್ತವೆ. ಎಲೆ ಎದುರುಬದುರು ಜೋಡಿ, ಮೇಲ್ಮೈ ಮರಳುಕಾಗದದ ಹಾಗೆ ಒರಟು.

ಈಗ ಹೂವು. ನಾವು ಒಂದು ಹೂವು ಎನ್ನುವುದು ನಿಜಕ್ಕೆ ಒಂದು ಗೊಂಚಲು. ನಾಣ್ಯದಷ್ಟು ಅಗಲದ ಈ ಗೊಂಚಲಿನಲ್ಲಿ ಇಪ್ಪತ್ತು ಮೂವತ್ತು ಪುಟ್ಟ ಹೂಗಳಿವೆ. ಅಂಚಿನ ಸುತ್ತು ಮೊದಲು ಅರಳುತ್ತದೆ, ನಡುವಿನ ಮೊಗ್ಗುಗಳ ಸರದಿ ಕೊನೆಗೆ. ಇವತ್ತು ಅರಳಿದ್ದು ಹಳದಿ. ಅರಳಿ ಹೊತ್ತಾದದ್ದು ಕಿತ್ತಳೆ. ಅದಕ್ಕೂ ಹಳೆಯದು ಕೆಂಪೋ ಗುಲಾಬಿಯೋ, ಆಯಾ ತಳಿಗೆ ತಕ್ಕ ಹಾಗೆ. ಅದರಿಂದಾಗಿ ಗೊಂಚಲಿನ ನಡುವೆ ಅರಿಶಿನ, ಸುತ್ತ ಕುಂಕುಮ.

ಈ ಬಣ್ಣ ಬದಲಾವಣೆ ಬರೀ ವಯಸ್ಸಿನ ಲಕ್ಷಣ, ಹೂವು ಹಳತಾದಂತೆ ತನ್ನಷ್ಟಕ್ಕೆ ಕೆಂಪಾಗುತ್ತದೆ ಎಂದು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ತಪ್ಪು ಹೇಳಿದ್ದೇನೆ. ಮೈಸೂರಿನಲ್ಲಿ ಹುಟ್ಟಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಚ್.ವೈ. ಮೋಹನ್ ರಾಮ್ ಮತ್ತು ಅವರ ಸಹೋದ್ಯೋಗಿ ಗೀತಾ ಮಾಥುರ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ ಮೇಲೆ ನನ್ನ ಟಿಪ್ಪಣಿಯ ಆ ಪುಟವನ್ನು ಹರಿದು ಹಾಕಿದೆ. ಹಳದಿ ಹೂವು ಕೆಂಪಾಗಲು ಚಾಲನೆ ಕೊಡುವುದು ಪರಾಗಸ್ಪರ್ಶ. ಕೀಟ ಬಂದು ಕೆಲಸ ಮುಗಿಸಿ ಹೋದ ಮೇಲೆ ಹೂವಿನೊಳಗೆ ಕೆಂಪು ವರ್ಣದ್ರವ್ಯ ತಯಾರಾಗುತ್ತದೆ. ಚಿಟ್ಟೆಗಳು ಹಳದಿಯನ್ನೇ ಹುಡುಕಿಕೊಂಡು ಬರುತ್ತವೆ, ಮಕರಂದ ಇರುವುದು ಅಲ್ಲಿ. ಹಾಗಾದರೆ ಮುಗಿದ ಹೂವನ್ನು ಗಿಡ ಉದುರಿಸಿಬಿಡಬಹುದಿತ್ತಲ್ಲ? ಉದುರಿಸುವುದಿಲ್ಲ. ದೂರದಿಂದ ನೋಡುವ ಚಿಟ್ಟೆಗೆ ಗೊಂಚಲು ದೊಡ್ಡದಾಗಿ ಕಾಣಬೇಕು. ಕೆಂಪು ಹೂವು ಅಂಗಡಿಯ ನಾಮಫಲಕ, ಹಳದಿ ಹೂವು ಗಲ್ಲಾಪೆಟ್ಟಿಗೆಯ ಪಕ್ಕದ ತೆರೆದ ಬಾಗಿಲು. ಇಷ್ಟು ಅಚ್ಚುಕಟ್ಟಾದ ವ್ಯಾಪಾರ ನಡೆಸುವ ಗಿಡವನ್ನು ಬೈಯಲು ನನಗೆ ಸುಲಭವಾಗಿ ಬಾಯಿ ಬರುವುದಿಲ್ಲ. ಆದರೂ ಬೈಯುವುದಕ್ಕೇ ಬಂದಿದ್ದೇನೆ ಎಂದು ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ನೋಡೋಣ.

ಇದರ ತವರು ಅಮೆರಿಕ ಖಂಡದ ಉಷ್ಣವಲಯ, ಕೆರಿಬಿಯನ್ ದ್ವೀಪಗಳು. ಹೆಸರು ಕೂಡ ಎರವಲು. ಯುರೋಪಿನ ವೈಬರ್ನಂ ಎಂಬ ಬೇರೊಂದು ಗಿಡವನ್ನು ಹಿಂದೆ ಲಂಟಾನ ಎನ್ನುತ್ತಿದ್ದರು. ಹೂಗೊಂಚಲು ಅದರಂತೆ ಕಂಡಿತೆಂದು ಈ ಗಿಡಕ್ಕೂ ಅದೇ ಹೆಸರು ಅಂಟಿತು. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಅದನ್ನು ಶಾಸ್ತ್ರೀಯ ಹೆಸರಾಗಿಯೇ ಬರೆದ. ಅಷ್ಟರಲ್ಲಾಗಲೇ ಇದು ಯುರೋಪಿನ ಶ್ರೀಮಂತರ ಗಾಜಿನ ಮನೆಗಳಿಗೆ ಹೋಗಿ ಕೂತಿತ್ತು. ಅಲ್ಲಿನ ತೋಟಗಾರರು ಬಣ್ಣದ ಆಸೆಗೆ ಒಂದು ಬಗೆಯನ್ನು ಇನ್ನೊಂದಕ್ಕೆ ಬೆರೆಸಿ ನೂರಾರು ತಳಿಗಳನ್ನು ಮಾಡಿದರು. ಇಲ್ಲಿ ಒಂದು ಸೂಕ್ಷ್ಮ ಇದೆ, ಮುಂದೆ ಬೇಕಾಗುತ್ತದೆ: ನಮ್ಮ ಕಾಡಿನಲ್ಲಿರುವ ಲಂಟಾನ ಅಮೆರಿಕದ ಯಾವುದೋ ಕಾಡಿನಿಂದ ನೇರವಾಗಿ ಬಂದದ್ದಲ್ಲ. ತೋಟಗಾರರ ಕೈಯಲ್ಲಿ ಹುಟ್ಟಿದ ಮಿಶ್ರತಳಿಗಳ ಸಂತಾನ.

ಭಾರತಕ್ಕೆ ಬಂದದ್ದು 19ನೇ ಶತಮಾನದ ಮೊದಲ ದಶಕದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ. ಅಲ್ಲಿಂದ ಬಂಗಲೆಗಳ ಅಂಗಳಕ್ಕೆ, ಅಂಗಳದಿಂದ ಬೇಲಿಗೆ. ಬೇಲಿಯಾದ ಮೇಲೆ ಯಾರ ಅಪ್ಪಣೆಗೂ ಕಾಯಲಿಲ್ಲ. ಕೊಡಗಿನಲ್ಲಿ ಕಾಂಡಕೊರಕದ ಹಾವಳಿಗೆ ಸಿಕ್ಕಿ ಪಾಳುಬಿದ್ದ ಕಾಫಿ ತೋಟಗಳನ್ನು ಹಿಡಿಯಿತು. ಕೊಡಗಿನ ಕಾಡುಗಳಲ್ಲಿ ಲಂಟಾನ ಹಬ್ಬಿರುವುದರ ಬಗ್ಗೆ ಒಬ್ಬ ಅರಣ್ಯಾಧಿಕಾರಿ 1916ರಲ್ಲೇ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಗೆ ಲೇಖನ ಬರೆದರು. ನೂರು ವರ್ಷ ದಾಟಿತು. ಆಗ ಗಂಧದ ಮರಗಳಿಗೆ ಬಡಿದಿದ್ದ ಸ್ಪೈಕ್ ರೋಗಕ್ಕೂ ಇದೇ ಕಾರಣ ಎಂದು ಕೆಲವರು ಗುಮಾನಿಪಟ್ಟಿದ್ದರು. ಆ ರೋಗ ಒಂದು ಸೂಕ್ಷ್ಮಾಣುಜೀವಿಯದು ಎಂದು ಗೊತ್ತಾದದ್ದು ಬಹಳ ತಡವಾಗಿ. ಒಬ್ಬನ ಮೇಲೆ ಒಮ್ಮೆ ಕಳ್ಳನೆಂಬ ಹೆಸರು ಬಿದ್ದರೆ ಊರಿನ ಎಲ್ಲ ಕಳವೂ ಅವನ ಲೆಕ್ಕಕ್ಕೇ ಜಮೆಯಾಗುತ್ತದೆ, ಹಾಗೆ.

ಬೇಲಿಗೆ ಇದನ್ನು ಯಾಕೆ ಆರಿಸಿಕೊಂಡರು? ದನ ತಿನ್ನುವುದಿಲ್ಲ, ಅದಕ್ಕೆ. ದನ ತಿನ್ನದ ಗಿಡ ಬೇಲಿಗೆ ಹೇಳಿ ಮಾಡಿಸಿದ್ದು, ಗೋಮಾಳಕ್ಕೆ ಶನಿ. ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ದೂರದ ಬಯಲಿನ ಸಂತೆಯಿಂದ ಒಂದು ಹಸು ತಂದರು. ಬೇಸಿಗೆ, ಮೇವಿಲ್ಲ. ನಮ್ಮೂರಿನ ದನಗಳು ಲಂಟಾನದ ಪಕ್ಕದಲ್ಲೇ ಹಾದುಹೋಗಿ ಒಣಹುಲ್ಲಿನ ಕೂಳೆ ನೆಕ್ಕುತ್ತಿದ್ದರೆ, ಈ ಹೊಸ ಹಸು ಹಸಿರು ಕಂಡಲ್ಲಿ ಬಾಯಿ ಹಾಕಿತು. ಮೂರನೆಯ ದಿನಕ್ಕೆ ಬಿಸಿಲಿಗೆ ಬರಲು ಒಲ್ಲೆ ಎಂದಿತು. ಕೊಟ್ಟಿಗೆಯ ಕತ್ತಲ ಮೂಲೆಗೆ ಹೋಗಿ ನಿಂತದ್ದು ಹೊರಗೆ ಬರಲಿಲ್ಲ. ಕಣ್ಣಿನ ಬಿಳಿ ಹಳದಿಗೆ ತಿರುಗಿತು, ಮೂತಿಯ ಮೇಲೆ, ಕಿವಿಯ ಅಂಚಿನಲ್ಲಿ ಚರ್ಮ ಬಿರಿಯಿತು. ಅಜ್ಜಿ ದೃಷ್ಟಿ ತೆಗೆದರು. ಹಸು ಬದುಕಲಿಲ್ಲ.

ಅದರ ಒಳಗುಟ್ಟು ನನಗೆ ತಿಳಿದದ್ದು ಕಾಲೇಜಿನಲ್ಲಿ. ಎಲೆಯಲ್ಲಿರುವ ಲಂಟಡೀನ್ ಎಂಬ ವಸ್ತು ಯಕೃತ್ತನ್ನು ಕೆಡಿಸುತ್ತದೆ. ಪಿತ್ತ ಹರಿಯುವುದಿಲ್ಲ. ತಿಂದ ಹಸಿರು ಸೊಪ್ಪಿನ ಹರಿತ್ತು ಕರುಳಿನಲ್ಲಿ ಒಡೆದು ಉಂಟಾಗುವ ಪದಾರ್ಥ ಸಾಮಾನ್ಯವಾಗಿ ಪಿತ್ತದ ಜೊತೆ ಹೊರಗೆ ಹೋಗಬೇಕು. ಹೋಗಲಾಗದೆ ರಕ್ತದಲ್ಲಿ ಸೇರಿ ಚರ್ಮಕ್ಕೆ ಬರುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಹಸು ಕತ್ತಲಿಗೆ ಹೋಗಿ ನಿಂತದ್ದು ದೃಷ್ಟಿಯಾಗಿ ಅಲ್ಲ, ಉರಿ ತಾಳಲಾರದೆ.

ದನಕ್ಕೆ ವಿಷವಾದದ್ದು ಹಕ್ಕಿಗೆ ಹಬ್ಬ. ಎಲೆ ಬೇರೆ, ಹಣ್ಣು ಬೇರೆ. ಕಾಳುಮೆಣಸಿನ ಗಾತ್ರದ ಈ ಹಣ್ಣು ಮಾಗಿ ಕಪ್ಪಾದರೆ ಸಿಹಿ. ಒಳಗೆ ಒಂದು ಗಟ್ಟಿ ಓಟೆ. ನಮ್ಮ ಕೆಮ್ಮೀಸೆ ಪಿಕಳಾರ ಇದನ್ನು ನುಂಗಿ, ಹಾರಿ, ಇನ್ನೊಂದು ಮರದಲ್ಲಿ ಕೂತು ಹಿಕ್ಕೆ ಹಾಕುತ್ತದೆ. ಓಟೆ ಮರದ ಬುಡಕ್ಕೆ ಬೀಳುತ್ತದೆ, ಜೊತೆಗೆ ಒಂದು ಚಿಟಿಕೆ ಗೊಬ್ಬರ ಸಮೇತ. ಬಯಲಿನಲ್ಲಿ ಒಂಟಿ ಮರವೊಂದರ ಬುಡದಲ್ಲಿ ಮಾತ್ರ ದುಂಡಗೆ ಲಂಟಾನ ಬೆಳೆದಿರುವುದನ್ನು ನೀವು ಬಂಡೀಪುರದ ದಾರಿಯಲ್ಲಿ ನೋಡಿರುತ್ತೀರಿ. ಯಾರು ನೆಟ್ಟದ್ದೆಂದು ಈಗ ಗೊತ್ತಾಯಿತಲ್ಲ. ನನ್ನ ಹನ್ನೊಂದು ಹಣ್ಣಿನ ಲೆಕ್ಕವೂ ಇದೇ.

ಎಷ್ಟು ಹಬ್ಬಿದೆ? ಅಂಕಿ ಹೇಳದೆ ಉಪನ್ಯಾಸ ಮುಗಿಸಿದರೆ ನೀವು ಒಪ್ಪುವುದಿಲ್ಲ. ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ಹುಲಿ ಕಾಡುಗಳ ಶೇ. 40ಕ್ಕೂ ಹೆಚ್ಚು ಭಾಗದಲ್ಲಿ ಲಂಟಾನ ಕಾಲೂರಿದೆ. ಅಂದರೆ 1,54,000 ಚದರ ಕಿಲೋಮೀಟರಿಗೂ ಮಿಕ್ಕಿ. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು; ಐದರಲ್ಲಿ ನಾಲ್ಕು ಪಾಲು ಕರ್ನಾಟಕ ಅನ್ನಿ. ನಮ್ಮ ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಗುರುತು ಹಾಕಿಕೊಂಡ ಜಾಗಗಳಿಗೇ 2008ರಲ್ಲಿ ಮತ್ತೆ ಹೋಗಿ ಎಣಿಸಿದರು. ಲಂಟಾನ ಕಾಣಿಸಿದ ಜಾಗಗಳು ಹೆಚ್ಚುಕಡಿಮೆ ದುಪ್ಪಟ್ಟಾಗಿದ್ದವು, ಗಿಡಗಳ ಸಾಂದ್ರತೆ ನಾಲ್ಕು ಪಟ್ಟಾಗಿತ್ತು. ಹನ್ನೊಂದು ವರ್ಷದಲ್ಲಿ.

ನೆಲದ ಮೇಲೆ ಇದರ ಅರ್ಥ ಏನು? ಮರಗಳು ನಿಂತೇ ಇರುತ್ತವೆ, ರಸ್ತೆಯಿಂದ ನೋಡಿದರೆ ಕಾಡು ಹಸಿರಾಗಿಯೇ ಇದೆ. ಒಳಗೆ ಕಾಲಿಡಲು ಹೋದರೆ ಎದೆಯೆತ್ತರದ ಮೆಳೆ. ಅದರಡಿ ಹುಲ್ಲು ಇಲ್ಲ. ನೆಲ್ಲಿ, ಮತ್ತಿ, ದಿಂಡಿಗದ ಸಸಿಗಳಿಗೆ ಬೆಳಕಿಲ್ಲ. ಮುದಿ ಮರಗಳು ಇವೆ, ಮಕ್ಕಳಿಲ್ಲ. ಕಾಟಿ, ಕಡವೆ, ಆನೆಗಳಿಗೆ ಹುಲ್ಲು ಸಿಗದಿದ್ದರೆ ಅವು ಎಲ್ಲಿಗೆ ಬರುತ್ತವೆ ಎಂಬುದನ್ನು ಗುಂಡ್ಲುಪೇಟೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಈಗ ಬೆಂಕಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನಗೆ ಲಂಟಾನದ ಕಥೆಯೆಲ್ಲ ಇಲ್ಲೇ ಗಂಟು ಬಿದ್ದಿರುವಂತೆ ಕಾಣುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಎಂಬ ರೂಢಿ ಇತ್ತು. ತರಗು ಎಂದರೆ ಉದುರಿದ ಒಣ ಎಲೆ. ಬೇಸಿಗೆ ಬಲಿಯುವ ಮೊದಲೇ, ಜನವರಿ ಫೆಬ್ರವರಿಯ ಹೊತ್ತಿಗೆ, ನೆಲದಲ್ಲಿ ಇನ್ನೂ ಮಂಜಿನ ತೇವ ಇರುವಾಗ ತರಗಿಗೆ ಕಡ್ಡಿ ಗೀರುತ್ತಿದ್ದರು. ಮೊಣಕಾಲಿನ ಮಟ್ಟ ಮೀರದ ಬೆಂಕಿ, ತರಗನ್ನು ಮಾತ್ರ ತಿಂದು ಸರಸರನೆ ಮುಂದೆ ಹೋಗುತ್ತಿತ್ತು. ಮರದ ತೊಗಟೆಗೆ ಮಸಿ ಹತ್ತುತ್ತಿತ್ತು, ಮರ ಸಾಯುತ್ತಿರಲಿಲ್ಲ. ಮಳೆ ಬಿದ್ದಕೂಡಲೇ ಹೊಸ ಹುಲ್ಲು. ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಎಂಬ ಬದನಿಕೆಯೂ ಆ ಬೆಂಕಿಗೆ ಹತೋಟಿಯಲ್ಲಿತ್ತು ಎನ್ನುತ್ತಾರೆ ಸೋಲಿಗರು. ಲಂಟಾನದ ಎಳೆ ಸಸಿಗಳೂ ಅದೇ ಬೆಂಕಿಯಲ್ಲಿ ಸುಟ್ಟುಹೋಗುತ್ತಿದ್ದವು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಕಾಡಿಗೆ ಬೆಂಕಿ ಹಾಕುವುದು ಅಪರಾಧ. ಪುಸ್ತಕ ಓದಿ ಅಧಿಕಾರಕ್ಕೆ ಬಂದವರಿಗೆ ಕಾಡು ಮತ್ತು ಬೆಂಕಿ ಎಂದರೆ ಒಂದೇ ಚಿತ್ರ: ಕಾಳ್ಗಿಚ್ಚು. ಸಣ್ಣ ಬೆಂಕಿ ನಿಂತಿತು. ತರಗು ವರ್ಷ ವರ್ಷ ಪೇರಿಸುತ್ತ ಹೋಯಿತು, ಅದರ ನಡುವೆ ಲಂಟಾನ ಎದ್ದಿತು. ಈ ಮಾತನ್ನು ಸೋಲಿಗರು ಮೂವತ್ತು ವರ್ಷದಿಂದಲಾದರೂ ಹೇಳುತ್ತಿದ್ದಾರೆ. ಅದನ್ನು ವಿಜ್ಞಾನದ ಪತ್ರಿಕೆಗಳಲ್ಲಿ ಅಚ್ಚು ಮಾಡಿದ್ದು ಬಹಳ ತಡವಾಗಿ.

ಎದುರು ಮಾತೂ ಇದೆ, ಮುಚ್ಚಿಡುವುದಿಲ್ಲ. ಬೆಂಕಿ ಬಿದ್ದರೆ ಮರಗಳ ನೆತ್ತಿ ತೆರೆದುಕೊಳ್ಳುತ್ತದೆ, ಬೆಳಕು ನೆಲಕ್ಕಿಳಿಯುತ್ತದೆ, ಬೆಳಕು ಕಂಡಲ್ಲಿ ಲಂಟಾನ ಹೆಚ್ಚುತ್ತದೆ. ಹೆಚ್ಚಿದ ಲಂಟಾನ ಒಣಗಿ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ. ಹೀಗೆ ಒಂದಕ್ಕೊಂದು ತಿದಿ ಊದಿಕೊಂಡು ಹೋಗುತ್ತವೆ ಎಂಬ ವಾದ. ಇದೂ ಸುಳ್ಳಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ನಿಮ್ಮಲ್ಲಿ ಎಷ್ಟೋ ಮಂದಿ ಸೊಪ್ಪಿನ ಕೊಂಬೆ ಹಿಡಿದು ಹೋಗಿದ್ದಿರಿ. ಒಣ ಲಂಟಾನ ಹೇಗೆ ಉರಿಯುತ್ತದೆಂದು ನೀವೇ ಕಂಡಿದ್ದೀರಿ. ನೆಲದ ಬೆಂಕಿಗೆ ಅದು ಏಣಿ. ಬುಡದಲ್ಲಿ ಹತ್ತಿದ್ದು ಮರದ ತುದಿಗೆ ಹೋಗಿ ಕೂರುತ್ತದೆ.

ಎರಡು ಮಾತಿಗೂ ಜಗಳ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಬೆಂಕಿ ಎಂಬುದು ಒಂದೇ ವಸ್ತುವಲ್ಲ. ಮಂಜಿನ ತೇವದಲ್ಲಿ ಹಾಕಿದ ಬೆಂಕಿಗೂ ಮಾರ್ಚಿಯ ಗಾಳಿಯಲ್ಲಿ ಬಿದ್ದ ಬೆಂಕಿಗೂ ಹೆಸರು ಮಾತ್ರ ಒಂದು. ಬೆರಳುದ್ದದ ಸಸಿಯ ಮೇಲೆ ಹಾಯ್ದ ಬೆಂಕಿ ಬೇರೆ, ಎರಡಾಳು ಎತ್ತರದ ಮೆಳೆಗೆ ಹತ್ತಿದ ಬೆಂಕಿ ಬೇರೆ. ಇವತ್ತು ಮತ್ತೆ ತರಗು ಬೆಂಕಿ ಹಾಕಿ ಎಂದರೆ ಸೋಲಿಗ ಹಿರಿಯರೇ ತಲೆ ಅಲ್ಲಾಡಿಸುತ್ತಾರೆ. ಈಗಿನ ಮೆಳೆಗೆ ಕಡ್ಡಿ ಗೀರಿದರೆ ಕಾಡೇ ಹೋಗುತ್ತದೆ. 2011ರಲ್ಲಿ ಅವರಿಗೆ ಆ ಕಾಡಿನ ಮೇಲೆ ಸಮುದಾಯ ಹಕ್ಕು ಸಿಕ್ಕಿತು. ಆದರೆ ಹಕ್ಕು ಕೈಗೆ ಬರುವ ಹೊತ್ತಿಗೆ ಆ ಕಾಡು ಹಳೆಯ ಕಾಡಾಗಿ ಉಳಿದಿರಲಿಲ್ಲ.

ಇದನ್ನೆಲ್ಲ ಕೇಳಿದವರು ಕೊನೆಗೆ ಬರುವುದು ಒಂದೇ ಮಾತಿಗೆ: ಪರದೇಶಿ ಗಿಡ, ಕಿತ್ತೊಗೆಯಬೇಕು. ಪರದೇಶಿ ಎಂಬುದೇ ಅಪರಾಧವಾದರೆ ಇವತ್ತು ರಾತ್ರಿ ನಮ್ಮ ಸಾರಿಗೆ ಮೆಣಸಿನಕಾಯಿ ಇರಲಾರದು. ಟೊಮೆಟೊ, ಆಲೂಗಡ್ಡೆ, ಸೀಬೆ, ಗೋಡಂಬಿ ಎಲ್ಲವೂ ಅದೇ ಅಮೆರಿಕದ ಹಡಗಿನಿಂದ ಇಳಿದವು. ಮೆಣಸಿನ ಗಿಡ ಬಂಡೀಪುರವನ್ನು ಯಾಕೆ ಹಿಡಿಯಲಿಲ್ಲ? ಲಂಟಾನ ಯಾಕೆ ಹಿಡಿಯಿತು? ಲಂಟಾನಕ್ಕೆ ಬೆಳಕು ಬೇಕು. ನೆತ್ತಿ ಕೂಡಿಕೊಂಡ ದಟ್ಟ ಕಾಡಿನಲ್ಲಿ ಅದು ಸೊರಗುತ್ತದೆ. ರಸ್ತೆ ಕಡಿದಲ್ಲಿ, ನಾಟಾ ಸಾಗಿಸಿದಲ್ಲಿ, ಬಿದಿರು ಹೂಬಿಟ್ಟು ಸತ್ತು ಬಯಲಾದಲ್ಲಿ, ದನ ಹುಲ್ಲನ್ನು ಬೇರುಮಟ್ಟ ಮೇಯ್ದಲ್ಲಿ ಅದು ಹೆಚ್ಚುತ್ತದೆ. ನಾವು ಬಾಗಿಲು ತೆರೆದೆವು, ಒಳಗಿದ್ದವರನ್ನು ಎಬ್ಬಿಸಿದೆವು, ಆಮೇಲೆ ಬಂದು ಕೂತವನನ್ನು ಬೈಯುತ್ತಿದ್ದೇವೆ.

ಕೀಟ ಬಿಟ್ಟು ನೋಡಿದ್ದೂ ಆಗಿದೆ. ಕಳೆಯನ್ನು ಹತ್ತಿಕ್ಕಲು ಹೊರನಾಡಿನಿಂದ ಕೀಟ ತರುವ ಪ್ರಯೋಗ ಜಗತ್ತಿನಲ್ಲಿ ದೊಡ್ಡದಾಗಿ ಶುರುವಾದದ್ದೇ ಈ ಗಿಡಕ್ಕಾಗಿ, ಹವಾಯಿ ದ್ವೀಪದಲ್ಲಿ, 1902ರಲ್ಲಿ. ಮೆಕ್ಸಿಕೋದಿಂದ ಹುಳುಗಳನ್ನು ಹಿಡಿದು ಕಳಿಸಿದರು. ಭಾರತಕ್ಕೆ 1921ರಲ್ಲಿ ಹವಾಯಿಯಿಂದ ಬೀಜ ತಿನ್ನುವ ಒಂದು ಸಣ್ಣ ನೊಣ ಬಂತು. ನೊಣ ಇಲ್ಲಿ ನೆಲೆ ನಿಂತಿತು, ಲಂಟಾನವೂ ನಿಂತಿತು. ನಾನು ಆಗ ಹೇಳಿದ ಸೂಕ್ಷ್ಮವನ್ನು ಈಗ ನೆನಪಿಸಿಕೊಳ್ಳಿ: ಇದು ತೋಟದ ಮಿಶ್ರತಳಿ. ತವರಿನ ಕಾಡುಗಿಡಕ್ಕೆ ಒಗ್ಗಿದ ಹುಳುವಿಗೆ ಇಲ್ಲಿನ ನೂರು ಬಗೆಯಲ್ಲಿ ಒಂದು ಹಿಡಿಸಬಹುದು, ತೊಂಬತ್ತೊಂಬತ್ತು ಉಳಿಯುತ್ತವೆ.

ಹಾಗಾದರೆ ಕೀಳುವುದು. ಕೀಳುವುದರಲ್ಲೂ ದಾರಿಗಳಿವೆ. ಮಚ್ಚಿನಿಂದ ಮೊಣಕಾಲೆತ್ತರಕ್ಕೆ ಕಡಿದರೆ ಒಂದು ಮಳೆಗೆ ಬೊಡ್ಡೆಯಿಂದ ಹತ್ತು ಚಿಗುರು. ನೀವು ಕಡಿದದ್ದಲ್ಲ, ಕತ್ತರಿ ಹಾಕಿ ಪೊದೆ ತುಂಬಿಸಿದ್ದು. ಯಂತ್ರ ತಂದು ಬಗೆದರೆ ಗಿಡ ಬರುತ್ತದೆ, ಜೊತೆಗೆ ನೆಲವೂ ಬರುತ್ತದೆ, ಅಡಿಯಲ್ಲಿ ಹೇಗೋ ಉಸಿರು ಹಿಡಿದುಕೊಂಡಿದ್ದ ನೆಲ್ಲಿ ಸಸಿಯೂ ಬರುತ್ತದೆ. ಉತ್ತ ನೆಲ, ತುಂಬ ಬೆಳಕು. ಲಂಟಾನದ ಬೀಜಕ್ಕೆ ಇನ್ನೇನು ಬೇಕು?

ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಕಾರ್ಬೆಟ್ ಹುಲಿ ಅಭಯಾರಣ್ಯದಲ್ಲಿ ಮಾಡಿ ತೋರಿಸಿದ ವಿಧಾನ ಕೈಕೆಲಸದ್ದು, ನೋಡಲು ಏನೇನೂ ಅಬ್ಬರವಿಲ್ಲ. ಪೊದೆಯ ಬುಡಕ್ಕೆ ಉದ್ದ ಹಿಡಿಯ ಗುದ್ದಲಿ ಹಾಕಿ, ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರು ಕೆಳಗೆ ತಾಯಿಬೇರನ್ನು ಕಡಿಯಬೇಕು. ಚಿಗುರುವ ಕಣ್ಣುಗಳೆಲ್ಲ ಕಾಂಡಕ್ಕೂ ಬೇರಿಗೂ ನಡುವಿನ ಆ ಗಂಟಿನಲ್ಲಿವೆ. ಗಂಟಿನ ಕೆಳಗೆ ಕಡಿದರೆ ಭೂಮಿಯಲ್ಲಿ ಉಳಿದ ಬೇರು ಚಿಗುರುವುದಿಲ್ಲ. ಮೇಲಿನದನ್ನು ಎತ್ತಿ ತಲೆಕೆಳಗಾಗಿ ಇಟ್ಟುಬಿಡುವುದು, ಬುಡ ಆಕಾಶಕ್ಕೆ. ಮಣ್ಣು ತಾಗದ ಗಂಟು ಬಿಸಿಲಿಗೆ ಒಣಗಿ ಸಾಯುತ್ತದೆ. ನನ್ನ ಹಿತ್ತಲಿನಲ್ಲಿ ನಾಲ್ಕು ಪೊದೆಗೆ ಮಾಡಿ ನೋಡಿದೆ. ಮೂರು ಮತ್ತೆ ಏಳಲಿಲ್ಲ. ನಾಲ್ಕನೆಯದನ್ನು ಅವಸರದಲ್ಲಿ ಗಂಟಿನ ಮೇಲೆ ಕಡಿದಿದ್ದೆ, ಅದು ಈ ವರ್ಷ ಹೂಬಿಟ್ಟಿದೆ.

ಆದರೆ ಅಷ್ಟಕ್ಕೆ ಕೆಲಸ ಅರ್ಧವೂ ಆಗುವುದಿಲ್ಲ. ಮಣ್ಣಿನಲ್ಲಿ ಹಳೆಯ ಬೀಜ ಕಾಯುತ್ತಿದೆ. ಹಕ್ಕಿ ಹೊಸ ಬೀಜ ತರುತ್ತಿದೆ. ಕಿತ್ತ ಜಾಗಕ್ಕೆ ಮುಂದಿನ ಮಳೆಗಾಲ ಮತ್ತೆ ಹೋಗಬೇಕು, ಅದರ ಮುಂದಿನ ಮಳೆಗಾಲವೂ ಹೋಗಬೇಕು. ಎಲ್ಲಿ ಹುಡುಕುವುದು? ಪಿಕಳಾರ ಕೂರುವ ಮರದ ಕೆಳಗೆ. ಅಲ್ಲಿ ಸಸಿ ಬೆರಳುದ್ದ ಇರುವಾಗಲೇ ಕಿತ್ತರೆ ಎರಡು ಬೆರಳು ಸಾಕು, ಗುದ್ದಲಿ ಬೇಡ. ಜೊತೆಗೆ ಬಯಲಾದ ನೆಲಕ್ಕೆ ಸ್ಥಳದ ಹುಲ್ಲನ್ನು ತಂದು ಹಿಡಿಸಬೇಕು. ಹುಲ್ಲು ಒಮ್ಮೆ ನೆಲ ಹೊದ್ದರೆ ಲಂಟಾನದ ಬೀಜಕ್ಕೆ ಮಣ್ಣು ಕಾಣುವುದು ಕಷ್ಟ.

ಇಲ್ಲಿಯೇ ನನ್ನ ತಕರಾರು. ಲಂಟಾನ ತೆರವಿನ ವರದಿಗಳಲ್ಲಿ ಎಷ್ಟು ಹೆಕ್ಟೇರ್ ತೆರವಾಯಿತು ಎಂಬುದು ಮೊದಲ ಸಾಲಿನಲ್ಲೇ ಇರುತ್ತದೆ. ತೆರವಾಗಿ ಎರಡು ವರ್ಷದ ಮೇಲೆ ಆ ಜಾಗದಲ್ಲಿ ಏನು ಬೆಳೆದಿತ್ತು ಎಂಬ ಸಾಲನ್ನು ನಾನು ಹುಡುಕುತ್ತೇನೆ. ಕೀಳುವುದಕ್ಕೆ ಟೆಂಡರ್ ಕರೆಯಬಹುದು, ಬಿಲ್ ಬರೆಯಬಹುದು, ಫೋಟೋ ತೆಗೆಯಬಹುದು. ಬೆರಳುದ್ದದ ಸಸಿ ಹುಡುಕಿಕೊಂಡು ಮರದಿಂದ ಮರಕ್ಕೆ ಅಲೆಯುವ ಹೆಂಗಸಿನ ಕೂಲಿಗೆ ಯಾವ ತಲೆಬರಹದಡಿ ದುಡ್ಡು ಹಾಕುತ್ತೀರಿ? ಕಿತ್ತ ಜಾಗ ಕಾಯಲು ದುಡ್ಡಿಲ್ಲದಿದ್ದರೆ ಕೀಳಬೇಡಿ ಎಂದೇ ನನ್ನ ಸಲಹೆ. ನೂರು ಎಕರೆ ಕಿತ್ತು ಬಿಡುವುದಕ್ಕಿಂತ ಐದು ಎಕರೆ ಕಿತ್ತು ಐದು ವರ್ಷ ಕಾಯುವುದು ಮೇಲು. ಈ ಮಾತನ್ನು ಹಿಂದೆಯೂ ಒಂದು ಕಡೆ ಹೇಳಿದ್ದೆ. ಮುಂದಿನ ಸಭೆಗೆ ನನ್ನನ್ನು ಕರೆಯಲಿಲ್ಲ.

ಬುಟ್ಟಿಯ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರು ಲಂಟಾನದ ಕಡ್ಡಿಯಿಂದ ಬುಟ್ಟಿ, ಕುರ್ಚಿ ಹೆಣೆಯುವುದನ್ನು ಕಲಿತರು. ಬಿದಿರು ಸಿಗದ ಕಾಲಕ್ಕೆ ಇದು ಬಿದಿರು. ಬೆರಳು ಗಾತ್ರದ ನೆಟ್ಟನೆಯ ಕಡ್ಡಿಗಳನ್ನು ಆರಿಸಿ ಡ್ರಮ್ಮಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೆಂದ ಕಡ್ಡಿಯ ತುದಿಯಲ್ಲಿ ತೊಗಟೆಯನ್ನು ಉಗುರಿನಿಂದ ಎಬ್ಬಿಸಿ ಎಳೆದರೆ ಮುಳ್ಳು ಸಮೇತ ಕಾಲುಚೀಲ ಕಳಚಿದ ಹಾಗೆ ಬರುತ್ತದೆ. ಒಳಗೆ ಕೆನೆಬಣ್ಣದ ನುಣುಪು ಕಡ್ಡಿ. ಬಿಸಿ ಆರುವ ಮೊದಲು ಬೆತ್ತದಂತೆ ಬಾಗುತ್ತದೆ, ಆರಿದ ಮೇಲೆ ಬಾಗಿದಂತೆಯೇ ನಿಲ್ಲುತ್ತದೆ. ಹುಳು ಹಿಡಿಯುವುದಿಲ್ಲ.

ಗುಡಲೂರಿನ ಕಡೆ ಬೆಟ್ಟ ಕುರುಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕುಶಲಕರ್ಮಿಗಳು ಇದೇ ಕಡ್ಡಿಯಿಂದ ಆನೆಗಳನ್ನೇ ಮಾಡಿದರು, ನಿಜ ಆನೆಯ ಗಾತ್ರದವು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದವು. ನಾನೂ ಹೋಗಿ ನೋಡಿದೆ. ಕಾಡಿನಲ್ಲಿ ಆನೆಯ ಮೇವನ್ನು ಕಿತ್ತುಕೊಂಡ ಗಿಡವೇ ಆನೆಯ ಸೊಂಡಿಲಾಗಿ, ಕಿವಿಯಾಗಿ ಬಾಗಿ ನಿಂತದ್ದನ್ನು ಕಂಡು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಪಕ್ಕದಲ್ಲಿದ್ದವರು ಒಬ್ಬರು ಇನ್ನು ಲಂಟಾನದ ಚಿಂತೆ ಇಲ್ಲ ಬಿಡಿ ಎಂದರು. ಇದೆ. ಹೆಣಿಗೆಗೆ ಬೇಕಾಗುವುದು ನೆಟ್ಟನೆಯ ಕಡ್ಡಿ ಮಾತ್ರ. ಕಡ್ಡಿ ಕೊಯ್ದ ಬೊಡ್ಡೆ ಮತ್ತೆ ಚಿಗುರುತ್ತದೆ, ಹೆಣೆಯುವವರಿಗೆ ಮುಂದಿನ ವರ್ಷವೂ ಅದು ಚಿಗುರಲೇಬೇಕು. ಕೈಗೆ ಕೆಲಸ ಸಿಕ್ಕಿತು, ಅದು ಸಣ್ಣ ಮಾತಲ್ಲ. ಕಾಡು ತೆರವಾಗುವುದು ಬೇರೆ ಲೆಕ್ಕ.

ಇನ್ನೊಂದು ಕಡೆಯಿಂದಲೂ ಒಂದು ಮಾತು. ಇನ್ನೂರು ವರ್ಷ ಇಲ್ಲಿದ್ದ ಗಿಡಕ್ಕೆ ನೆಂಟರು ಹುಟ್ಟಿಕೊಂಡಿದ್ದಾರೆ. ಸಣ್ಣ ಹಕ್ಕಿಗಳು ಇದರ ಮೆಳೆಯಲ್ಲಿ ಗೂಡು ಕಟ್ಟುತ್ತವೆ, ಮುಳ್ಳು ಕಾವಲಿದೆ. ಚಿಟ್ಟೆಗಳನ್ನು ನಾನು ಹೇಳಬೇಕಾಗಿಲ್ಲ. ಮೆಳೆಯನ್ನು ಒಂದೇ ಏಟಿಗೆ ಬಯಲು ಮಾಡಿದರೆ ಅವೆಲ್ಲ ಆ ವರ್ಷ ಎಲ್ಲಿಗೆ ಹೋಗಬೇಕು? ತುಂಡು ತುಂಡಾಗಿ ತೆಗೆಯಿರಿ ಎನ್ನಲು ಇದೂ ಒಂದು ಕಾರಣ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಎರಡು ಪ್ರಶ್ನೆಗಳು ಬಂದವು.

ಮೊದಲನೆಯದು ಹಿಂದಿನ ಸಾಲಿನ ರೈತರೊಬ್ಬರದು. “ಮೇಷ್ಟ್ರೇ, ನಮ್ಮ ಹೊಲಕ್ಕೆ ಮೂರು ಕಡೆ ಇದೇ ಬೇಲಿ. ಕಿತ್ತರೆ ದನ ನುಗ್ಗುತ್ತದೆ. ಏನು ಹಾಕಲಿ?” ಲಕ್ಕಿಗಿಡ ಹಾಕಿ ಎಂದೆ. ಕಡ್ಡಿ ಊರಿದರೆ ಹತ್ತುತ್ತದೆ, ದನ ಬಾಯಿ ಹಾಕುವುದಿಲ್ಲ, ಕಾಡಿಗೆ ಓಡುವುದಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬರು ಕತ್ತಾಳೆ ಒಳ್ಳೆಯದಲ್ಲವೇ, ಗ್ಲಿರಿಸಿಡಿಯ ಆಗುವುದಿಲ್ಲವೇ ಎಂದರು. ಎರಡೂ ಅಮೆರಿಕದವೇ ಎಂದಾಗ ಸಭೆ ನಕ್ಕಿತು. ಒಂದು ಕಡೆಯಿಂದ ಹತ್ತು ಮಾರು ಕಿತ್ತು, ಅಲ್ಲಿ ಲಕ್ಕಿ ಹತ್ತಿದ ಮೇಲೆ ಮುಂದಿನ ಹತ್ತು ಮಾರಿಗೆ ಕೈ ಹಾಕಿ, ಮೂರು ಕಡೆಯನ್ನೂ ಒಂದೇ ಬೇಸಿಗೆಯಲ್ಲಿ ಬಯಲು ಮಾಡಿಕೊಳ್ಳಬೇಡಿ ಎಂದು ಹೇಳಿದೆ.

ಎರಡನೆಯದು ಮೊದಲು ಹೂವು ಚೀಪಿದ ಹುಡುಗಿಯದು. “ತಾತ, ಹಣ್ಣು ತಿನ್ನಬಹುದಾ?” ಹಸಿರು ಕಾಯಿ ಖಂಡಿತ ತಿನ್ನಬಾರದು, ಮಕ್ಕಳು ತಿಂದು ಆಸ್ಪತ್ರೆ ಸೇರಿದ್ದುಂಟು. ಕಪ್ಪಾಗಿ ಮಾಗಿದ್ದನ್ನು ನಾನು ಚಿಕ್ಕಂದಿನಲ್ಲಿ ತಿಂದಿದ್ದೇನೆ, ನೀನು ತಿನ್ನುವುದು ಬೇಡ ಎಂದೆ. ಯಾವ ಮಗುವೂ ಒಪ್ಪದ ಉತ್ತರ ಅದು.

ಎಲ್ಲರೂ ಎದ್ದ ಮೇಲೆ ಕೊಂಬೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುವ ಮೊದಲು ಹಣ್ಣು ಎಣಿಸಿದೆ. ಒಂಬತ್ತು. ಮೇಜಿನ ಕೆಳಗೆ, ಲೋಟದ ನೀರಿನಲ್ಲಿ, ಜಮಖಾನದ ಮಡಿಕೆಯಲ್ಲಿ ಹುಡುಕಿದೆ. ಸಂಘಟಕರು ಏನು ಕಳೆದಿರಿ ಎಂದು ಕೇಳಿದರು.